ಹಬ್ಬದ ಅರ್ಥ ಮಕ್ಕಳಿಗೆ ಬೇಡವೇ?

ಹಬ್ಬವೆಂಬುದು ಗೃಹಸ್ಥನ ಮನೆಗೆ ವರ್ಷದಲ್ಲಿ ಹಲವು ಬಾರಿ ಬರುವ ಅತಿಥಿ. ಅತಿಥಿಯನ್ನು ಸತ್ಕರಿಸುವ ಬಗೆ ನಮ್ಮ ಜನರಿಗೆ ಚೆನ್ನಾಗಿ ತಿಳಿದಿದೆ. ಮನೆಯನ್ನು ಸಾರಿಸಿ, ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಸಿಹಿ ಅಡುಗೆ ಮಾಡಿ ಬರಮಾಡಿಕೊಳ್ಳುತ್ತೇವೆ. ಆದರೆ ಬಂದ ಅತಿಥಿ ಯಾರು, ಏತಕ್ಕಾಗಿ ಬಂದರು, ಏನನ್ನು ಹೇಳಿ ಹೋದರು ಎಂದು ಮನೆಯ ಮಗುವೊಂದು ಕೇಳಿದರೆ ಉತ್ತರಿಸಬಲ್ಲ ಹಿರಿಯರು ಎಷ್ಟು ಮನೆಗಳಲ್ಲಿದ್ದಾರೆ? ಹಬ್ಬಗಳ ಅರ್ಥವನ್ನು ಮಕ್ಕಳಿಗೆ ಕಲಿಸಬೇಕೇ, ಅಥವಾ ಆಚರಣೆಯನ್ನು ರೂಢಿಸಿದರೆ ಸಾಕೇ ಎಂಬ ಪ್ರಶ್ನೆಯನ್ನು ಸದ್ಭಕ್ತರಾದ ಅನೇಕ ತಂದೆ ತಾಯಿಗಳು ನಮ್ಮ ಮುಂದಿಟ್ಟಿದ್ದಾರೆ. ಪ್ರಶ್ನೆ ಸರಳವಾಗಿ ತೋರುತ್ತದೆ. ಉತ್ತರ ಮಾತ್ರ ಅಷ್ಟು ಸರಳವಲ್ಲ.

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ, ಶಿವನಸಮುದ್ರದ ಸನಿಹದಲ್ಲಿರುವ ಬ್ಲಫ್ ಎಂಬ ಊರು ನಮ್ಮ ಓದುಗರಲ್ಲಿ ಅನೇಕರಿಗೆ ಪರಿಚಿತ. ಕಾವೇರಿಯು ಗಗನಚುಕ್ಕಿಯಾಗಿ ಧುಮುಕುವ ತಾಣವಿದು. ಶಿವರಾತ್ರಿ ಸಮೀಪಿಸಿದಾಗ ಈ ಸೀಮೆಯ ದಾರಿಗಳಲ್ಲಿ ಒಂದು ಅಪೂರ್ವ ದೃಶ್ಯ ಕಾಣಸಿಗುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಯಿಂದ ಹೊರಟ ಭಕ್ತರು ತಲೆಯ ಮೇಲೆ ಗಂಟು ಹೊತ್ತು, ಸತ್ತೇಗಾಲದ ಬಳಿ ಹೊಳೆ ದಾಟಿ, ಕೊಳ್ಳೇಗಾಲ, ಹನೂರುಗಳ ಮಾರ್ಗವಾಗಿ ಮಲೆಯ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಸಾಗುತ್ತಾರೆ. 'ಉಘೇ ಮಾದಪ್ಪ' ಎಂಬ ಘೋಷ ಹಗಲಿರುಳೂ ಕೇಳಿಸುತ್ತದೆ. ಅವರ ನಡುವೆ ಬಾಲಕ ಬಾಲಕಿಯರೂ ಇರುತ್ತಾರೆ. ಅಂತಹ ಬಾಲಕರನ್ನು ಏತಕ್ಕೆ ನಡೆಯುತ್ತಿರುವಿರಿ ಎಂದು ಕೇಳಿದಾಗಲೆಲ್ಲ ನಮಗೆ ದೊರೆತ ಉತ್ತರ ಬಹುಮಟ್ಟಿಗೆ ಒಂದೇ: "ಅಪ್ಪ ಹರಕೆ ಹೊತ್ತಿದ್ದಾರೆ."

ಈ ಉತ್ತರವನ್ನು ನಾವು ಹಗುರವಾಗಿ ಕಾಣುವುದಿಲ್ಲ. ತಂದೆಯ ಮಾತಿಗಾಗಿ ಬಿಸಿಲಲ್ಲಿ ನಡೆಯುವ ಮಗುವಿನ ಶ್ರದ್ಧೆ ದೊಡ್ಡದು. ಆದರೆ ಆ ಮಗು ನಡೆಯುತ್ತಿರುವುದು ಯಾರ ಬಳಿಗೆ? ಕಂಸಾಳೆಯ ಗುಡ್ಡರು ಹಾಡುತ್ತ ಬಂದಿರುವ ಮಾದೇಶ್ವರನ ಕಾವ್ಯದಲ್ಲಿ ಸೋಲಿಗರ ಸಂಕಮ್ಮನ ಕಥೆಯಿದೆ. ಕಾಡಿಗೆ ಜೇನು ತರಲು ಹೊರಟ ಗಂಡ ಹೆಂಡತಿಯ ಶೀಲವನ್ನು ಶಂಕಿಸಿ ಆಣೆ ಭಾಷೆ ಕೇಳುತ್ತಾನೆ. ತಪ್ಪು ಮಾಡದ ತಾನು ಏತಕ್ಕೆ ಆಣೆ ಇಡಬೇಕೆಂದು ಸಂಕಮ್ಮ ನಿರಾಕರಿಸುತ್ತಾಳೆ. ಗಂಡ ಕೊಟ್ಟ ಘೋರ ಹಿಂಸೆಯಿಂದ ಅವಳನ್ನು ಪಾರುಮಾಡಿ ಮಕ್ಕಳ ಫಲ ಕರುಣಿಸುವವನು ಮಾದೇಶ್ವರ. ಈ ಕಥೆಯನ್ನು ಕೇಳಿ ಬೆಟ್ಟ ಹತ್ತಿದ ಹುಡುಗನಿಗೂ ಕೇಳದೆ ಹತ್ತಿದ ಹುಡುಗನಿಗೂ ದರ್ಶನ ಒಂದೇ ಆಗಬಹುದು. ಆದರೆ ಮನೆಗೆ ಮರಳಿ ತಾಯಿಯೊಡನೆ, ಅಕ್ಕತಂಗಿಯರೊಡನೆ ನಡೆದುಕೊಳ್ಳುವ ರೀತಿ ಒಂದೇ ಆಗಲಾರದು. ಅರ್ಥದ ಪ್ರಯೋಜನ ಇರುವುದು ಇಲ್ಲಿಯೇ.

ಬೆಳಕು ಹರಿದ ದಾರಿ

ಬ್ಲಫ್ ಎಂದೊಡನೆ ನೆನಪಾಗುವ ಇನ್ನೊಂದು ಸಂಗತಿ ವಿದ್ಯುತ್ತು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆಯಂತೆ 1902ರಲ್ಲಿ ಇಲ್ಲಿ ಜಲವಿದ್ಯುತ್ ಉತ್ಪಾದನೆ ಆರಂಭವಾಯಿತು. ಆ ವಿದ್ಯುತ್ತು ಮೊದಲು ತಲುಪಿದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಜಲಪಾತದ ಸದ್ದನ್ನು ಕೇಳುತ್ತಲೇ ಮಲಗುತ್ತಿದ್ದ ಸುತ್ತಲ ಹಳ್ಳಿಗಳ ಮನೆಗಳಲ್ಲಿ ದೀಪ ಉರಿದದ್ದು ಅದಕ್ಕಿಂತ ಬಹಳ ತಡವಾಗಿ.

ನಮ್ಮ ಸಮಾಜದ ಸ್ಥಿತಿಯೂ ಇದಕ್ಕಿಂತ ಬೇರೆಯಾಗಿಲ್ಲ. ಶರಣರ ತತ್ತ್ವವನ್ನು ಕುರಿತು ಮಹಾಸಭೆಗಳಲ್ಲಿ ಉಪನ್ಯಾಸಗಳಾಗುತ್ತವೆ. ವಿಶ್ವವಿದ್ಯಾಲಯಗಳಲ್ಲಿ ಮಹಾಪ್ರಬಂಧಗಳು ಸಿದ್ಧವಾಗುತ್ತವೆ. 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಇವೆಲ್ಲವೂ ಸಂತೋಷದ ಸಂಗತಿಗಳೇ. ಆದರೆ ಇಷ್ಟಲಿಂಗವನ್ನು ಕೊರಳಲ್ಲಿ ಧರಿಸಿದ ಮನೆಯ ಮಗುವಿಗೆ ಬಸವ ಜಯಂತಿ ಎಂದರೇನೆಂದು ತಿಳಿಯದಿದ್ದರೆ, ಬೆಳಕು ದೂರದ ಊರಿಗೆ ಹೋಯಿತು, ಮನೆ ಕತ್ತಲಲ್ಲಿ ಉಳಿಯಿತು ಎಂದೇ ಹೇಳಬೇಕಾಗುತ್ತದೆ.

ಬಸವಣ್ಣ ಎತ್ತೋ ಮನುಷ್ಯರೋ?

ಇದನ್ನು ಉತ್ಪ್ರೇಕ್ಷೆ ಎಂದು ಭಾವಿಸಬೇಕಾಗಿಲ್ಲ. ಮಂಡ್ಯದ ಸೀಮೆಯಲ್ಲಿ ದೇವರಿಗೆ ಬಿಟ್ಟ ಬಸವನಿಗೆ ವಿಶೇಷ ಗೌರವವುಂಟು. ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯ ಬಸವಪ್ಪನ ಹೆಸರನ್ನು ಕೇಳದವರು ಇಲ್ಲಿ ವಿರಳ. ಬಸವಪ್ಪ ಮನೆಗೆ ಬಂದನೆಂದರೆ ಹೆಂಗಳೆಯರು ಪಾದಕ್ಕೆ ನೀರೆರೆದು ಆರತಿ ಬೆಳಗುತ್ತಾರೆ. ಬಸವ ಜಯಂತಿಯಂದು ರೈತರು ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಪೂಜಿಸುತ್ತಾರೆ. ಇದನ್ನೆಲ್ಲ ಕಣ್ಣಾರೆ ಕಂಡ ಮಗು "ಬಸವಣ್ಣ ಅಂದರೆ ಎತ್ತೋ ಮನುಷ್ಯರೋ?" ಎಂದು ಕೇಳಿದರೆ ನಗುವಂತಿಲ್ಲ. ಆ ಪ್ರಶ್ನೆ ಮಗುವಿನ ಅಜ್ಞಾನದಿಂದ ಹುಟ್ಟಿದ್ದಲ್ಲ. ಹಿರಿಯರ ಮೌನದಿಂದ ಹುಟ್ಟಿದ್ದು.

ಮಗುವಿಗೆ ಹೇಳಬೇಕಾದುದು ಇಷ್ಟು. ಎತ್ತು ನಮ್ಮ ಹೊಲದ ಕಾಯಕಜೀವಿ. ಅದರ ದುಡಿಮೆಯನ್ನು ನಾವು ಉಣ್ಣುತ್ತೇವೆ, ಆದುದರಿಂದ ಅದನ್ನು ಗೌರವಿಸುತ್ತೇವೆ. ಬಸವಣ್ಣನವರಾದರೋ 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಬಾಳಿದ ಮಹಾಪುರುಷರು. ದುಡಿಯುವವರೆಲ್ಲರೂ ಸಮಾನರೆಂದು ಸಾರಿದವರು. ಮಾದಾರ ಚೆನ್ನಯ್ಯನವರನ್ನು ತಂದೆಯ ಸ್ಥಾನದಲ್ಲಿ ನೆನೆದವರು. ಎರಡು ಗೌರವಗಳೂ ಒಂದೇ ದಿನ ಕೂಡಿಬಂದುದರಲ್ಲಿ ತಪ್ಪಿಲ್ಲ. ಒಂದು ಇನ್ನೊಂದನ್ನು ಮರೆಮಾಡಿದರೆ ತಪ್ಪು.

ಇಲ್ಲಿ ಒಂದು ಐತಿಹಾಸಿಕ ಸಂಗತಿ ಸ್ಮರಣೀಯವಾಗಿದೆ. ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವ ಪದ್ಧತಿ ತಲೆತಲಾಂತರದಿಂದ ಬಂದುದಲ್ಲ. 1913ರಲ್ಲಿ ದಾವಣಗೆರೆಯ ವಿರಕ್ತಮಠದಲ್ಲಿ ಪೂಜ್ಯ ಮೃತ್ಯುಂಜಯ ಅಪ್ಪಗಳ ಆಶ್ರಯದಲ್ಲಿ ಹರ್ಡೇಕರ ಮಂಜಪ್ಪನವರು ಅದಕ್ಕೆ ನಾಂದಿ ಹಾಡಿದರು. ಮುಂದೆ 'ಕರ್ನಾಟಕದ ಗಾಂಧಿ' ಎಂದು ಖ್ಯಾತರಾದ ಮಂಜಪ್ಪನವರು ವೃತ್ತಿಯಿಂದ ಶಾಲಾ ಶಿಕ್ಷಕರಾಗಿದ್ದವರು. ಅವರು ಕೇವಲ ಇನ್ನೊಂದು ಸಿಹಿಯೂಟದ ದಿನವನ್ನು ಪಂಚಾಂಗಕ್ಕೆ ಸೇರಿಸಲು ಹೊರಟವರಲ್ಲ. ಜನರು ಮರೆತಿದ್ದ ಒಂದು ಅರ್ಥವನ್ನು ನೆನಪಿಸಲು ಒಂದು ಹಬ್ಬ ಬೇಕೆಂದು ಬಗೆದವರು. ಅಂದರೆ ಇಲ್ಲಿ ಅರ್ಥ ಮೊದಲು, ಹಬ್ಬ ಅನಂತರ. ಅದಾದ 10 ವರ್ಷಕ್ಕೆ, 1923ರಲ್ಲಿ, ಫ.ಗು. ಹಳಕಟ್ಟಿಯವರು ಓಲೆಗರಿಗಳಿಂದ ಸಂಗ್ರಹಿಸಿದ ವಚನಗಳನ್ನು 'ವಚನಶಾಸ್ತ್ರಸಾರ' ಎಂಬ ಹೆಸರಿನಿಂದ ಪ್ರಕಟಿಸಿದರು. ನಮ್ಮ ಮುತ್ತಜ್ಜಂದಿರಿಗೆ ವಚನಗಳು ಕೈಗೆಟುಕುತ್ತಿರಲಿಲ್ಲ. ಅವರು ಅರ್ಥ ಹೇಳದಿದ್ದರೆ ಕ್ಷಮ್ಯ. ಇಂದು ವಚನಗಳು ಸುಲಭ ಬೆಲೆಗೆ ದೊರೆಯುತ್ತಿರುವಾಗ ನಮಗೆ ಆ ಕ್ಷಮೆ ಸಲ್ಲದು.

ನಾವು ಸುಮ್ಮನಿದ್ದೆವೆಂದು ಮಗುವಿನ ಮನಸ್ಸು ಖಾಲಿಯಾಗಿ ಉಳಿಯುವುದೂ ಇಲ್ಲ. ಬಸವ ಜಯಂತಿ ಬರುವುದು ವೈಶಾಖ ಶುದ್ಧ ತದಿಗೆಯಂದು. ಅದೇ ದಿನ ಅಕ್ಷಯ ತೃತೀಯೆ. ಆ ದಿನ ಚಿನ್ನ ಕೊಂಡರೆ ಮನೆಯಲ್ಲಿ ಸಂಪತ್ತು ಅಕ್ಷಯವಾಗುವುದೆಂದು ಆಭರಣದ ಅಂಗಡಿಗಳು ವಾರ ಮುಂಚಿನಿಂದಲೇ ಸಾರುತ್ತವೆ. ಗಳಿಸಿದ್ದನ್ನು ದಾಸೋಹಕ್ಕೆ ಸಲ್ಲಿಸಬೇಕೆಂದು ಹೇಳಿದ ಮಹಾನುಭಾವರ ಜನ್ಮದಿನ ಮಗುವಿನ ಕಣ್ಣಿನಲ್ಲಿ ಚಿನ್ನ ಕೊಳ್ಳುವ ದಿನವಾಗಿಬಿಡುತ್ತದೆ. ಹಬ್ಬಕ್ಕೆ ಅರ್ಥ ಹೇಳುವವರು ಯಾರಾದರೂ ಇದ್ದೇ ಇರುತ್ತಾರೆ. ತಾಯಿತಂದೆಗಳು ಹೇಳದಿದ್ದರೆ ವ್ಯಾಪಾರಿ ಹೇಳುತ್ತಾನೆ.

ಹಿರಿಯರ ಆಕ್ಷೇಪಗಳು

ಅರ್ಥ ಕಲಿಸುವುದು ಬೇಡವೆನ್ನುವ ಹಿರಿಯರ ಮಾತಿನಲ್ಲಿಯೂ ವಿಚಾರವಿದೆ. ಅದನ್ನು ಕೇಳಿಸಿಕೊಳ್ಳುವುದು ನ್ಯಾಯ.

ಎಳೆಯ ಮಗುವಿಗೆ ತತ್ತ್ವ ಹೇಳಿ ಹಬ್ಬದ ಸಂಭ್ರಮವನ್ನು ಕೆಡಿಸಬಾರದು ಎಂಬುದು ಮೊದಲನೆಯ ಆಕ್ಷೇಪ. ಇದನ್ನು ನಾವು ಒಪ್ಪುತ್ತೇವೆ. ಹೋಳಿಗೆಯ ಮುಂದೆ ಕುಳಿತ ಐದು ವರ್ಷದ ಕೂಸಿಗೆ ಷಟ್‌ಸ್ಥಲದ ವಿವರಣೆ ಸಲ್ಲದು. ಮಗು ಮೊದಲು ಹಬ್ಬವನ್ನು ಪ್ರೀತಿಸಬೇಕು. ಪ್ರೀತಿಸಿದ್ದರ ವಿಷಯವನ್ನೇ ಅದು ಮುಂದೆ ಪ್ರಶ್ನಿಸುತ್ತದೆ. ಅರ್ಥ ಕಲಿಸುವುದೆಂದರೆ ಪ್ರಶ್ನೆ ಹುಟ್ಟುವ ಮೊದಲೇ ಉತ್ತರವನ್ನು ತುರುಕುವುದಲ್ಲ.

ಧರ್ಮದ ವಿಷಯ ಹೇಳುವುದು ಗುರುಗಳ, ಮಠಗಳ ಕೆಲಸ ಎಂಬುದು ಎರಡನೆಯದು. ಮಠದಲ್ಲಿ ಬೆಳೆದ ನಮಗೆ ಈ ಮಾತು ಹಿತವಾಗಿ ಕೇಳಿಸಬೇಕಾಗಿತ್ತು. ಆದರೆ ಸತ್ಯ ಬೇರೆಯೇ ಇದೆ. ಮಠದಲ್ಲಿ ಕಲಿತ ಪಾಠಕ್ಕೆ ಮನೆಯಲ್ಲಿ ನೀರೆರೆಯುವವರಿಲ್ಲದಿದ್ದರೆ ಅದು ಒಣಗುತ್ತದೆ. ಮಗು ಹುಟ್ಟಿದಾಗ ಗುರು ಬಂದು ಲಿಂಗಧಾರಣೆ ಮಾಡುತ್ತಾನೆ. ಆ ಲಿಂಗವನ್ನು ದಿನವೂ ಅಂಗೈಯಲ್ಲಿ ಹಿಡಿಯಲು ಕಲಿಸುವವಳು ತಾಯಿ.

ಕಾರಣ ತಿಳಿದ ಮಗು ಆಚರಣೆಯನ್ನೇ ಬಿಟ್ಟುಬಿಟ್ಟೀತು ಎಂಬುದು ಮೂರನೆಯ ಆಕ್ಷೇಪ, ಮತ್ತು ಬಲವಾದದ್ದು. ಇದಕ್ಕೆ ಉದಾಹರಣೆಯಾಗಿ ನಾಗರಪಂಚಮಿಯನ್ನು ಹೇಳುವುದುಂಟು. ಹಾವು ಇಲಿ ಕಪ್ಪೆಗಳನ್ನು ತಿಂದು ಬದುಕುವ ಜೀವಿ, ಹಾಲು ಅದರ ಆಹಾರವಲ್ಲ ಎಂದು ಶಾಲೆಯಲ್ಲಿ ಕಲಿತ ಮಗು ಹುತ್ತಕ್ಕೆ ಹಾಲೆರೆಯಲು ಹಿಂಜರಿಯುತ್ತದೆ. ಹಿಂಜರಿಯಲಿ. ಶಿಲೆಯ ಹಾವಿಗೆ ನೈವೇದ್ಯವಿಟ್ಟು ಜೀವಂತ ಹಾವಿಗೆ ದೊಣ್ಣೆ ಎತ್ತುವ ವಿಪರೀತವನ್ನು, ಹಸಿದು ಬಂದ ಜಂಗಮನನ್ನು ಅಟ್ಟುವ ಕಠಿಣತೆಯೊಡನೆ ಹೋಲಿಸಿ ಬಸವಣ್ಣನವರು ಎಂದೋ ತೋರಿಸಿಕೊಟ್ಟಿದ್ದಾರೆ. ಈ ವಿಚಾರವನ್ನು ಹಿಡಿದು ನಾಡಿನ ಹಲವೆಡೆ ಅದೇ ದಿನ 'ಬಸವ ಪಂಚಮಿ' ಎಂಬ ಹೆಸರಿನಿಂದ ಮಕ್ಕಳಿಗೆ ಹಾಲು ಕುಡಿಸುವ ಪದ್ಧತಿ ಬಂದಿದೆ. ಹಬ್ಬ ಅಳಿಯಲಿಲ್ಲ. ಹಾಲು ಸೇರಬೇಕಾದ ಬಾಯಿಗೆ ಸೇರಿತು. ಅರ್ಥ ತಿಳಿದರೆ ಅಳಿಯುವ ಆಚರಣೆಗಳು ಕೆಲವು ಇರಬಹುದು. ಅವು ಅಳಿದರೆ ನಷ್ಟವಿಲ್ಲ. ಉಳಿದವು ಗಟ್ಟಿಯಾಗುತ್ತವೆ.

ನಿಜವಾದ ಅಂಜಿಕೆ

ಆದರೆ ಹಿರಿಯರು ಬಾಯಿಬಿಟ್ಟು ಹೇಳದ ಇನ್ನೊಂದು ಅಂಜಿಕೆ ಇದೆಯೆಂಬುದು ನಮ್ಮ ಅನಿಸಿಕೆ. ಹಬ್ಬದ ಅರ್ಥವನ್ನು ಕಲಿತ ಮಗು ಆ ಅರ್ಥದಿಂದಲೇ ತನ್ನ ಮನೆಯನ್ನು ಅಳೆಯಲು ತೊಡಗುತ್ತದೆ.

ಸಂಕ್ರಾಂತಿಯನ್ನೇ ತೆಗೆದುಕೊಳ್ಳೋಣ. ಮಂಡ್ಯ ಸೀಮೆಯಲ್ಲಿ ಅಂದು ಸಂಜೆ ರಾಸುಗಳಿಗೆ ಕಿಚ್ಚು ಹಾಯಿಸುತ್ತಾರೆ. ಹೆಣ್ಣುಮಕ್ಕಳು ಹೊಸ ಬಟ್ಟೆ ತೊಟ್ಟು ಎಳ್ಳುಬೆಲ್ಲ, ಕಬ್ಬಿನ ಜಲ್ಲೆಗಳ ತಟ್ಟೆ ಹಿಡಿದು ಮನೆಮನೆಗೆ ಹೋಗುತ್ತಾರೆ. ಬೆಳೆದದ್ದನ್ನು ಹಂಚಿಕೊಂಡು ತಿನ್ನುವುದು, ಮನಸ್ಸಿನ ಕಹಿಯನ್ನು ಮರೆತು ಒಳ್ಳೆಯ ಮಾತನಾಡುವುದು ಇದರ ಅರ್ಥವೆಂದು ತಾಯಿ ಮಗಳಿಗೆ ಹೇಳುತ್ತಾಳೆ. ಮಗಳು ತಟ್ಟೆ ಹಿಡಿದು ಹೊರಡುತ್ತಾಳೆ. ಆ ತಟ್ಟೆ ಯಾವ ಬೀದಿಗೆ ಹೋಗುತ್ತದೆ, ಯಾವ ಬೀದಿಗೆ ಹೋಗುವುದಿಲ್ಲ? ಕಬ್ಬು ಕಡಿದವರ ಕೇರಿಗೆ ಹೋಗುತ್ತದೆಯೇ? ಹೋಗದಿದ್ದರೆ, "ಅಮ್ಮ, ಅವರ ಮನೆಗೆ ಏಕೆ ಬೇಡ?" ಎಂದು ಮಗಳು ಕೇಳುತ್ತಾಳೆ. ಆ ಕ್ಷಣದಲ್ಲಿ ತಾಯಿಗೆ ಉಳಿಯುವ ದಾರಿಗಳು ಎರಡೇ: ಮಗಳೊಡನೆ ತಾನೂ ಆ ಬೀದಿಗೆ ಹೋಗುವುದು, ಇಲ್ಲವೇ ತಾನು ಹೇಳಿದ ಅರ್ಥ ಬರಿಯ ಮಾತೆಂದು ಮಗಳಿಗೆ ತೋರಿಸಿಕೊಡುವುದು.

ದಸರೆಯ ವಿಷಯ ಇನ್ನೂ ಗಹನವಾದುದು. ಇದೇ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ 1610ರಲ್ಲಿ ರಾಜ ಒಡೆಯರು ಆರಂಭಿಸಿದ ಮಹೋತ್ಸವವನ್ನು ನಮ್ಮ ಮಕ್ಕಳು ಬಲ್ಲರು. ಆನೆ, ಅಂಬಾರಿ, ಮೆರವಣಿಗೆ ಅವರಿಗೆ ಪ್ರಿಯ. ಶರಣ ಪರಂಪರೆ ಅದೇ ಕಾಲದಲ್ಲಿ ಇನ್ನೊಂದು ಆನೆಯ ಕಥೆಯನ್ನು ನೆನೆಯುತ್ತದೆ. ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ವಿವಾಹವಾಯಿತು. ಹುಟ್ಟಿನಿಂದ ಒಬ್ಬರು ಚಮ್ಮಾರರು, ಇನ್ನೊಬ್ಬರು ಬ್ರಾಹ್ಮಣರು. ಲಿಂಗಧಾರಿಗಳಾದ ಮೇಲೆ ಇಬ್ಬರೂ ಶರಣರೇ. ಇದನ್ನು ಸಹಿಸದ ಅರಸೊತ್ತಿಗೆ ಹರಳಯ್ಯ ಮಧುವರಸರನ್ನು ಆನೆಯ ಕಾಲಿಗೆ ಕಟ್ಟಿಸಿ ಎಳೆಸಿತು, ಶರಣರು ದಿಕ್ಕುದಿಕ್ಕಿಗೆ ಚದುರಿದರು ಎಂದು ಪರಂಪರೆ ಹೇಳುತ್ತದೆ. ಈ ದಿನಗಳನ್ನು ಕಲ್ಯಾಣ ಕ್ರಾಂತಿಯ ಸ್ಮರಣೆಯಾಗಿ ಆಚರಿಸುವವರು ಇದ್ದಾರೆ. ಹದಿನಾಲ್ಕು ವರ್ಷದ ಮಗನಿಗೆ ಈ ಕಥೆ ಹೇಳಿದ ತಂದೆ, ಅದೇ ತಿಂಗಳಲ್ಲಿ ಮನೆಯ ಯಾರದೋ ಮದುವೆಯ ಮಾತು ಬಂದಾಗ "ಅವರು ನಮ್ಮವರಲ್ಲ" ಎಂದು ಎದ್ದುಹೋದರೆ ಮಗ ಏನನ್ನು ಕಲಿತಂತಾಯಿತು? ಹರಳಯ್ಯನವರು ಪೂಜೆಗೆ ಮಾತ್ರ, ನಡೆಗೆ ಅಲ್ಲ ಎಂದು ಕಲಿತಂತಾಯಿತು. ಇದು ಏನನ್ನೂ ಕಲಿಸದೆ ಇರುವುದಕ್ಕಿಂತ ಕೆಡುಕು.

ಹೀಗಾಗಿ ಅನೇಕ ಮನೆಗಳಲ್ಲಿ ಮೌನವೇ ಸುಖವೆನಿಸುತ್ತದೆ. ಪಟಕ್ಕೆ ಹೂಮಾಲೆ ಹಾಕಿ, ಹೋಳಿಗೆ ಉಂಡು, ಹಬ್ಬ ಮುಗಿಯಿತೆನ್ನುವುದು ಯಾರನ್ನೂ ಬಾಧಿಸುವುದಿಲ್ಲ. ಅರ್ಥ ಬಾಧಿಸುತ್ತದೆ. ಆದುದರಿಂದಲೇ ಅರ್ಥವನ್ನು ಕಲಿಸಬೇಕೆಂದು ನಾವು ಹೇಳುತ್ತೇವೆ. ಮಗುವಿಗೆ ಕಲಿಸುವ ನೆಪದಲ್ಲಿ ಮನೆ ಕಲಿಯಬೇಕಾಗಿದೆ.

ಹುಸಿ ಅರ್ಥಗಳ ವಿಷಯದಲ್ಲಿ ಎಚ್ಚರ

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಪ್ರತಿಯೊಂದು ಆಚರಣೆಗೂ ವಿಜ್ಞಾನದ ಕಾರಣವೊಂದನ್ನು ಕಟ್ಟಿ ಹೇಳುವ ಚಟ ವಿದ್ಯಾವಂತರಲ್ಲಿ ಬೆಳೆದಿದೆ. ತೋರಣದಿಂದ ಹಿಡಿದು ಕರ್ಪೂರದವರೆಗೆ ಎಲ್ಲವೂ ರೋಗಾಣುಗಳನ್ನು ಕೊಲ್ಲಲೆಂದೇ ಹುಟ್ಟಿದುವು ಎಂಬಂತೆ ಹೇಳುತ್ತಾರೆ. ಮಗು ದೊಡ್ಡದಾಗಿ ಆ ಕಾರಣ ಸುಳ್ಳೆಂದು ತಿಳಿದ ದಿನ, ಹೇಳಿದವರ ಮೇಲಣ ವಿಶ್ವಾಸವನ್ನೂ ಕಳೆದುಕೊಳ್ಳುತ್ತದೆ. ಶಿವರಾತ್ರಿಯ ಜಾಗರಣೆಗೆ ಆರೋಗ್ಯದ ಕಾರಣ ಹುಡುಕಬೇಕಾಗಿಲ್ಲ. ಒಂದು ರಾತ್ರಿಯಾದರೂ ಎಚ್ಚರದಲ್ಲಿದ್ದು ತನ್ನನ್ನು ತಾನು ನೋಡಿಕೊಳ್ಳುವುದು, ಆ ಎಚ್ಚರವನ್ನು ಉಳಿದ ದಿನಗಳಿಗೂ ಒಯ್ಯುವುದು ಎಂಬ ಮಾತು ಸಾಕು. ಇಸ್ಪೀಟಿನ ಎಲೆ ಹಿಡಿದೋ ಸಿನಿಮಾ ನೋಡುತ್ತಲೋ ಕಳೆದ ರಾತ್ರಿ ನಿದ್ರೆಗೆಟ್ಟ ರಾತ್ರಿಯೇ ಹೊರತು ಜಾಗರಣೆಯಲ್ಲ ಎಂಬುದು ಆಗ ಮಗುವಿಗೆ ತಾನಾಗಿಯೇ ಹೊಳೆಯುತ್ತದೆ. ಕಥೆಯನ್ನು ಕಥೆಯೆಂದೂ, ಚರಿತ್ರೆಯನ್ನು ಚರಿತ್ರೆಯೆಂದೂ, ತಿಳಿಯದ್ದನ್ನು ತಿಳಿಯದೆಂದೂ ಹೇಳುವ ಪ್ರಾಮಾಣಿಕತೆ ತಾಯಿತಂದೆಗಳಿಗಿರಲಿ.

ಕಲಿಸುವ ಬಗೆ

ಮಕ್ಕಳು ಕಿವಿಗಿಂತ ಹೆಚ್ಚಾಗಿ ಕೈಯಿಂದ ಕಲಿಯುತ್ತಾರೆ. ಇದಕ್ಕೆ ಮಹದೇಶ್ವರ ಬೆಟ್ಟದಲ್ಲಿಯೇ ಸೊಗಸಾದ ನಿದರ್ಶನವಿದೆ. ದೀಪಾವಳಿ ಜಾತ್ರೆಯಲ್ಲಿ ನಡೆಯುವ ಹಾಲರವಿ ಉತ್ಸವದಂದು, ಬೆಟ್ಟದ ಅರ್ಚಕ ಸಮುದಾಯವಾದ ಬೇಡಗಂಪಣರ 101 ಹೆಣ್ಣುಮಕ್ಕಳು ಕಾಡಿನೊಳಗಿನ ಹಳ್ಳದಿಂದ ಕಳಶಗಳಲ್ಲಿ ನೀರು ಹೊತ್ತು ತರುತ್ತಾರೆ. ಆ ನೀರಿನಿಂದ ಸ್ವಾಮಿಗೆ ಅಭಿಷೇಕ. ಸಾವಿರಾರು ಹಿರಿಯರು ಕೈಮುಗಿದು ನಿಲ್ಲುವಾಗ ಹಬ್ಬದ ಹೊರೆಯನ್ನು ಹೊತ್ತವರು ಎಳೆಯ ಬಾಲೆಯರು. ತಲೆಯ ಮೇಲೆ ಕಳಶ ಹೊತ್ತು ನಡೆದ ಹುಡುಗಿಗೆ ಆ ಹಬ್ಬ ನೋಡಿದ ಹಬ್ಬವಲ್ಲ, ಮಾಡಿದ ಹಬ್ಬ. ಅದರ ಅರ್ಥವನ್ನು ಹೇಳಿದರೆ ಅವಳ ಮನಸ್ಸಿನಲ್ಲಿ ನಿಲ್ಲುತ್ತದೆ.

ಮನೆಗಳಲ್ಲಿಯೂ ಹೀಗೆಯೇ ಆಗಬೇಕು. ಏಳೆಂಟು ವರ್ಷದವರೆಗೆ ಮಗುವಿಗೆ ಒಂದು ಕೆಲಸ ಕೊಡಿ: ಹೂ ಬಿಡಿಸುವುದು, ವಿಭೂತಿಯ ತಟ್ಟೆ ಹಿಡಿಯುವುದು, ಬಂದವರಿಗೆ ನೀರು ಕೊಡುವುದು. ಎಂಟರಿಂದ ಹನ್ನೆರಡರವರೆಗೆ ಕಥೆ ಹೇಳಿ. ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮ, ನುಲಿಯ ಚಂದಯ್ಯ ಇವರ ಕಥೆಗಳಲ್ಲಿ ಮಕ್ಕಳ ಮನಸ್ಸನ್ನು ಹಿಡಿಯುವ ಶಕ್ತಿಯುಂಟು. ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಮರಳಿ ಸುರಿದು ಬರುವಂತೆ ಹೇಳಿದ ಲಕ್ಕಮ್ಮನ ಕಥೆ ಕೇಳಿದ ಮಗು ದಾಸೋಹದ ಊಟದಲ್ಲಿ ಎಲೆಯ ಮೇಲೆ ಅನ್ನ ಬಿಡುವ ಮುನ್ನ ಒಮ್ಮೆ ಯೋಚಿಸುತ್ತದೆ. ಹನ್ನೆರಡರ ನಂತರ ಪ್ರಶ್ನೆಗಳಿಗೆ ಅವಕಾಶ ಕೊಡಿ. ಸಿಟ್ಟಾಗಬೇಡಿ. ಅನುಭವ ಮಂಟಪ ನಡೆದದ್ದೇ ಪ್ರಶ್ನೆಗಳಿಂದ. ಗುರುವನ್ನು, ಹಿರಿಯರನ್ನು ಪ್ರಶ್ನಿಸುವ ಸ್ವಾತಂತ್ರ್ಯ ಅಲ್ಲಿ ಎಲ್ಲರಿಗೂ ಇತ್ತು. ಅದನ್ನು ನಮ್ಮ ಮಕ್ಕಳಿಗೆ ನಿರಾಕರಿಸುವ ಅಧಿಕಾರ ನಮಗಿಲ್ಲ.

ಹಬ್ಬಕ್ಕೆ ಮುನ್ನಾದಿನ ರಾತ್ರಿ, ಊಟವಾದ ಮೇಲೆ, ಮನೆಮಂದಿಯೆಲ್ಲ ಕಾಲು ಗಂಟೆ ಒಟ್ಟಿಗೆ ಕುಳಿತರೆ ಸಾಕು. ಒಂದು ವಚನವನ್ನು ಓದಿ, ನಾಳಿನ ಹಬ್ಬ ಏತಕ್ಕೆಂದು ಹಿರಿಯರು ನಾಲ್ಕು ಮಾತು ಹೇಳಲಿ. ಕೊನೆಯಲ್ಲಿ, ಆ ಅರ್ಥಕ್ಕೆ ತಕ್ಕಂತೆ ನಾಳೆ ನಾವು ಮಾಡುವ ಒಂದು ಕೆಲಸ ಯಾವುದೆಂದು ಮಕ್ಕಳನ್ನೇ ಕೇಳಲಿ. ಮಗು ಹೇಳಿದ ಕೆಲಸವನ್ನು ತಪ್ಪದೆ ಮಾಡಲಿ. ಬಸವ ಜಯಂತಿಯಂದು ಮನೆಗೆಲಸಕ್ಕೆ ಬರುವ ತಾಯಿಯನ್ನು ನಮ್ಮ ಪಂಕ್ತಿಯಲ್ಲಿ ಕೂರಿಸಿ ಬಡಿಸೋಣವೆಂದು ಮಗು ಹೇಳಿದರೆ, ಅಂದು ಬಡಿಸುವ ಸೌಟು ಮನೆಯ ಯಜಮಾನನ ಕೈಯಲ್ಲಿರಲಿ.

ಹಬ್ಬದ ಅರ್ಥವನ್ನು ಮಕ್ಕಳಿಗೆ ಕಲಿಸಬೇಕೇ ಎಂದು ಕೇಳಿದ ತಂದೆ ತಾಯಿಗಳಿಗೆ ನಮ್ಮ ಉತ್ತರವಿದು: ಅವಶ್ಯವಾಗಿ ಕಲಿಸಿ, ಆದರೆ ಆ ಅರ್ಥದಂತೆ ಒಂದು ಹೆಜ್ಜೆ ನಡೆಯಲು ನೀವು ಮೊದಲು ಸಿದ್ಧರಾಗಿ. ಬರುವ ಹಬ್ಬದಲ್ಲಿ ನಿಮ್ಮ ಮನೆಯ ಮಗು "ಇದು ಏಕೆ?" ಎಂದು ಕೇಳಿದರೆ, ಅದನ್ನು ಬಾಗಿಲಿಗೆ ಬಂದ ಜಂಗಮನ ಮಾತೆಂದು ತಿಳಿದು ಆದರಿಸಿರಿ. ಉತ್ತರ ಗೊತ್ತಿಲ್ಲದಿದ್ದರೆ ಮಗುವಿನೊಡನೆ ಕುಳಿತು ಹುಡುಕಿರಿ. ಅಂತಹ ಮನೆಗಳಲ್ಲಿ ಹಬ್ಬವೂ ಉಳಿಯುವುದು, ಧರ್ಮವೂ ಬೆಳೆಯುವುದು. ಸರ್ವರಿಗೂ ಶುಭವಾಗಲಿ.